ಮಾತ್ರೆ ಡಬ್ಬಿಯ ಸದ್ದು

2009ರಲ್ಲಿ ನನಗೆ ಎಚ್‌ಐವಿ ಇದೆ ಅಂತ ಗೊತ್ತಾದ ದಿನ ಕೌನ್ಸೆಲರ್ ಅರ್ಧ ಗಂಟೆ ಮಾತಾಡಿದರು. ಒಂದಕ್ಷರವೂ ತಲೆಗೆ ಹೋಗಲಿಲ್ಲ. ಹೊರಗೆ ಬೆಂಚಿನ ಮೇಲಿದ್ದ ಒಬ್ಬ ಹೆಂಗಸು, "ನಂಗೂ ಅದೇ ಕಣಮ್ಮ, ಐದು ವರ್ಷ ಆಯ್ತು. ಊಟ ಮಾಡಿದ್ಯಾ?" ಅಂದರು. ಆ ಮಾತು ಒಳಗೆ ಇಳಿಯಿತು. ಮುಂದೆ ಶಿಡ್ಲಘಟ್ಟದ ಕಡೆ ಎಚ್‌ಐವಿ ಇರುವ ನಾವೇ ಸೇರಿ ಗುಂಪು ಕಟ್ಟಿದ್ದು ಅದನ್ನೇ ನೆಚ್ಚಿಕೊಂಡು.

ಶುರುವಿನಲ್ಲಿ ತಪ್ಪು ಮಾಡಿದೆ. ತರಬೇತಿಯಲ್ಲಿ ಕೊಟ್ಟ ಚಾರ್ಟನ್ನು ಗೋಡೆಗೆ ಅಂಟಿಸಿ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಸಿಡಿ4 ಕಣಗಳ ಬಗ್ಗೆ ಪಾಠ ಮಾಡಿದೆ. ಎಲ್ಲರೂ ತಲೆಯಾಡಿಸಿ, ಟೀ ಕುಡಿದು ಹೋದರು. ಮೂರನೇ ಸಭೆಗೆ ಬಂದವರು ನಾಲ್ಕೇ ಜನ. ಅವತ್ತು ಚಾರ್ಟು ಮಡಚಿಟ್ಟು, ಬ್ಯಾಗಿನಿಂದ ನನ್ನ ಮಾತ್ರೆ ಡಬ್ಬಿ ತೆಗೆದೆ. ಬಸ್ಸು ಕುಲುಕಿದಾಗೆಲ್ಲ ಅದು ಗಲಗಲ ಅನ್ನುತ್ತೆ, ಪಕ್ಕದವರು ತಿರುಗಿ ನೋಡಿದರೆ ಎದೆ ಹೊಡೆದುಕೊಳ್ಳುತ್ತೆ. "ನಾನು ಹತ್ತಿ ತುರುಕ್ತೀನಿ, ನೀವೇನ್ ಮಾಡ್ತೀರಿ?" ಅಂದೆ. ಒಬ್ಬಾಕೆ ರಾಗಿ ಡಬ್ಬದಲ್ಲಿ ಹೂತಿಡುತ್ತಿದ್ದಳು. ಇನ್ನೊಬ್ಬಾಕೆ ಮಾತ್ರೆಗಳನ್ನು ಕಾಗದದಲ್ಲಿ ಸುತ್ತಿ ಬಚ್ಚಲುಮನೆ ಗೂಡಿನಲ್ಲಿ. "ತೇವಕ್ಕೆ ಕೆಡುತ್ತೆ ಅಕ್ಕ" ಅಂದವಳು ರಾಗಿ ಡಬ್ಬದಾಕೆಯೇ. ಎರಡು ಗಂಟೆ ಯಾರೂ ಏಳಲಿಲ್ಲ.

ಅಂದಿನಿಂದ ಮೊದಲು ಮಾತಾಡುವವರು ತಮ್ಮದನ್ನೇ ಹೇಳಬೇಕು, ಬುದ್ಧಿ ಹೇಳುವಂತಿಲ್ಲ. ಹೊಸಬರು ಬಾಯಿ ಬಿಡಲೇಬೇಕೆಂದಿಲ್ಲ, ಹಳಬರೊಬ್ಬರು ಪಕ್ಕದಲ್ಲಿ ಕೂತಿರುತ್ತಾರೆ, ಅಷ್ಟೆ. ಬಾಗೇಪಲ್ಲಿ ಕಡೆಯವರು ದುಃಖ ಬಂದಾಗ ತೆಲುಗಿಗೆ ಹೊರಳುತ್ತಾರೆ, ಹೊರಳಲಿ. ರೇಷ್ಮೆ ಮನೆಯವರಿಗೆ ಹುಳ ನಾಲ್ಕನೇ ಜ್ವರ (ಪೊರೆ ಕಳಚುವ ಹೊತ್ತು) ಎದ್ದಮೇಲೆ ಸೊಪ್ಪು ಹಾಕಲು ಹಗಲು ರಾತ್ರಿ ಸಾಲದು. ಹಾಗಾಗಿ ತಿಂಗಳಿಗೆ ಎರಡು ಸಭೆ ಇಟ್ಟೆವು, ಯಾವುದಕ್ಕಾದರೂ ಬರಲಿ ಅಂತ.

ಒಮ್ಮೆ ನಮ್ಮವರೇ ಒಬ್ಬರು ಖುಷಿಗೆ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕಿದರು. ಇಬ್ಬರು ಮತ್ತೆ ಬರಲೇ ಇಲ್ಲ. ನಾನೇ ಮನೆ ಹುಡುಕಿಕೊಂಡು ಹೋದರೆ ಊರಿಗೆಲ್ಲ ಗೊತ್ತಾಗುತ್ತೆ, ಹೋಗುವಂತೆಯೂ ಇಲ್ಲ. ಆ ನೋವು ಇವತ್ತಿಗೂ ಇದೆ. ಒಬ್ಬರ ಎಚ್‌ಐವಿ ವಿಷಯ ಅವರ ಒಪ್ಪಿಗೆಯಿಲ್ಲದೆ ಹೊರಗೆ ಹೇಳಬಾರದು ಅಂತ 2017ರ ಕಾಯ್ದೆಯೇ ಹೇಳುತ್ತದೆ. ಈಗ ಫೋನುಗಳೆಲ್ಲ ಬಾಗಿಲ ಬಳಿಯ ಬುಟ್ಟಿಯಲ್ಲಿ.

ಔಷಧಿ ವಿಷಯ ನಾವು ತೀರ್ಮಾನ ಮಾಡುವುದಿಲ್ಲ, ಎಚ್‌ಐವಿಗೆ ಔಷಧಿ ಕೊಡುವ ಎಆರ್‌ಟಿ ಕೇಂದ್ರಕ್ಕೆ ಕಳಿಸುತ್ತೇವೆ. ಆದರೆ ಕಿವಿ ತೆರೆದಿರಬೇಕು. ಒಬ್ಬ ಬಸುರಿ ಕಬ್ಬಿಣದ ಮಾತ್ರೆಯನ್ನೂ ಎಆರ್‌ಟಿ ಮಾತ್ರೆಯನ್ನೂ ಬೆಳಿಗ್ಗೆ ಬರಿಹೊಟ್ಟೆಗೆ ಒಟ್ಟಿಗೇ ನುಂಗುತ್ತಿದ್ದಳು. ಈಗಿನ ಮಾತ್ರೆಯಲ್ಲಿರುವ ಡೊಲುಟೆಗ್ರಾವಿರ್ ಹಾಗೆ ಮಾಡಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಮಾತಿನ ನಡುವೆ ಅದು ಹೊರಬಿತ್ತು. ಮರುದಿನವೇ ಜೊತೆಗೆ ಹೋಗಿ ಡಾಕ್ಟರಿಂದ ಹೊತ್ತು ಗೊತ್ತುಮಾಡಿಸಿಕೊಂಡು ಬಂದೆವು.

ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಪತ್ತೆಯಾಗದಷ್ಟು ಇಳಿದು ಹಾಗೇ ನಿಂತರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ. ಇದನ್ನು ಎಷ್ಟು ಸಲ ಕೇಳಿದ್ದರೂ ಯಾರೂ ನಂಬಿರಲಿಲ್ಲ. "ನಮ್ಮೆಜಮಾನ್ರಿಗೆ ಇಲ್ಲ, ಮಗುಗೂ ಇಲ್ಲ, ನೋಡಿ" ಅಂತ ಒಬ್ಬಳು ಮಗುವನ್ನು ಎತ್ತಿಕೊಂಡೇ ಬಂದಳು. ಅವತ್ತು ಆ ಮಗು ಎಲ್ಲರ ಮಡಿಲಲ್ಲೂ ಕೂತಿತು.

ಗಂಡಸರು ಮಾತ್ರ ಬರುತ್ತಿರಲಿಲ್ಲ. ಹೆಂಗಸರ ಮುಂದೆ ಹೇಳಲು ನಾಚಿಕೆ. ಹೋದ ವರ್ಷದಿಂದ ಭಾನುವಾರ ಸಂಜೆ ಅವರದೇ ಬೇರೆ ಸಭೆ, ನಡೆಸುವವರು ಒಬ್ಬ ಆಟೋ ಓಡಿಸುವ ಅಣ್ಣ. ನಾನು ಒಳಗೆ ಹೋಗುವುದಿಲ್ಲ. ಸದ್ಯಕ್ಕೆ ಐದು ಜನ ಬರುತ್ತಿದ್ದಾರೆ.