ಕಾರಿನೊಳಗಿನ ಪೆಟ್ರೋಲ್ ವಾಸನೆಯ ಮೂಲ ಹುಡುಕುವ ಬಗೆ

ಕಾರಿನಲ್ಲಿ ಪೆಟ್ರೋಲ್ ವಾಸನೆ ಬರುತ್ತಿದೆ ಎಂದು ಗ್ಯಾರೇಜಿಗೆ ಹೋದರೆ ಮೊದಲು ಟ್ಯಾಂಕಿನ ಮುಚ್ಚಳ, ಆಮೇಲೆ ಪೈಪು, ಅನಂತರ ಪಂಪು ಎಂದು ಒಂದೊಂದೇ ಬಿಡಿಭಾಗ ಬದಲಾಗುತ್ತ ಹೋಗುವುದುಂಟು. ಹಣ ಖರ್ಚಾದರೂ ವಾಸನೆ ಹೋಗಿರುವುದಿಲ್ಲ. ವಾಸನೆ ಯಾವ ಹೊತ್ತಿನಲ್ಲಿ ಬರುತ್ತದೆ ಮತ್ತು ಕಾರಿನ ಯಾವ ಭಾಗದಲ್ಲಿ ಹೆಚ್ಚಾಗಿದೆ ಎಂಬ ಎರಡು ಪ್ರಶ್ನೆಗಳಿಗೆ ಮಾಲೀಕರೇ ಉತ್ತರ ಕಂಡುಕೊಂಡು ಹೋದರೆ ಮೆಕ್ಯಾನಿಕ್‌ನ ಅರ್ಧ ಕೆಲಸ ಮುಗಿದಂತೆಯೇ.

ಹುಡುಕಲು ಕೈಹಚ್ಚುವ ಮುನ್ನ ಒಂದು ಎಚ್ಚರಿಕೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದ್ದರಿಂದ ಮೇಲೇರಿ ಹೋಗದೆ ನೆಲಮಟ್ಟದಲ್ಲೇ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇ. 1.4ರಷ್ಟಾದರೂ ಕಿಡಿಯೊಂದು ಸಾಕು. ಧಾರವಾಡದ ಹಳೆಯ ಮನೆಗಳಲ್ಲಿರುವಂತೆ ಕಾರಿನ ಶೆಡ್ಡು ಬಚ್ಚಲಿನ ಒಲೆಗೆ ಹತ್ತಿರವಿದ್ದರೆ ಅಪಾಯ ಇನ್ನೂ ಹೆಚ್ಚು. ಕೆಳಗೆ ಹನಿ ಬೀಳುತ್ತಿದ್ದರೆ, ಇಲ್ಲವೇ ಕಣ್ಣು ಉರಿಯುವಷ್ಟು ಗಾಢವಾದ ವಾಸನೆಯಿದ್ದರೆ, ಕೀಲಿ ತಿರುಗಿಸದೆ, ಯಾವ ಸ್ವಿಚ್ಚನ್ನೂ ಮುಟ್ಟದೆ, ಕಾರನ್ನು ನ್ಯೂಟ್ರಲ್‌ನಲ್ಲಿ ಬಯಲಿಗೆ ತಳ್ಳಿ ಮೆಕ್ಯಾನಿಕ್‌ನನ್ನು ಅಲ್ಲಿಗೇ ಕರೆಸಬೇಕು. ಮುಂದೆ ಹೇಳಿರುವುದೆಲ್ಲ ಸೌಮ್ಯವಾಗಿ, ಆಗಾಗ ಬರುವ ವಾಸನೆಗೆ ಮಾತ್ರ ಅನ್ವಯಿಸುತ್ತದೆ.

ಮೊದಲು ಡಿಕ್ಕಿಯನ್ನು ಪೂರ್ತಿ ಖಾಲಿ ಮಾಡಿ ನೋಡಿ. ಗದಗ, ಹಾವೇರಿ ಕಡೆಗಳಲ್ಲಿ ಔಷಧ ಸಿಂಪಡಿಸುವ ಪಂಪಿಗೆಂದು ಕ್ಯಾನಿನಲ್ಲಿ ಪೆಟ್ರೋಲ್ ಒಯ್ಯುವುದು ಸಾಮಾನ್ಯವಾಗಿದೆ. ಅದು ಸ್ವಲ್ಪ ಚೆಲ್ಲಿದರೂ ಕಾರ್ಪೆಟ್ ಕೆಳಗಿನ ಹಾಸು ಅದನ್ನು ಹೀರಿಕೊಂಡು ದಿನಗಟ್ಟಲೆ ವಾಸನೆ ಬಿಡುತ್ತಿರುತ್ತದೆ.

ಅಲ್ಲಿ ಏನೂ ಸಿಗದಿದ್ದರೆ ಒಂದು ಸರಳ ಪರೀಕ್ಷೆ ಇದೆ. ಹೊರಗಿನ ಗಾಳಿಯನ್ನು ಒಳಗೆ ತರುವ ಕಿಂಡಿ ಬಹುತೇಕ ಕಾರುಗಳಲ್ಲಿ ಬಾನೆಟ್ಟಿಗೂ ಮುಂದಿನ ಗಾಜಿಗೂ ನಡುವೆ ಇರುವುದರಿಂದ, ಎಂಜಿನ್ ಭಾಗದಲ್ಲಿ ಎದ್ದ ವಾಸನೆ ಎಸಿಯ ಕಿಂಡಿಗಳ ಮೂಲಕ ಒಳನುಗ್ಗುತ್ತದೆ. ಕಿಟಕಿಗಳನ್ನು ಏರಿಸಿ, ಬ್ಲೋವರ್ ಹಚ್ಚಿ, ಮೊದಲು ಹೊರಗಾಳಿಯ ಸ್ಥಾನದಲ್ಲೂ ಆಮೇಲೆ ಒಳಗಾಳಿಯೇ ಸುತ್ತುವ ಸ್ಥಾನದಲ್ಲೂ ಕೆಲವು ನಿಮಿಷ ಓಡಿಸಿ ನೋಡಿ. ಎರಡನೆಯದರಲ್ಲಿ ವಾಸನೆ ತಗ್ಗಿದರೆ ಮೂಲ ಬಹುಶಃ ಬಾನೆಟ್ಟಿನ ಕೆಳಗಿದೆ. ಹಾಗೆಯೇ ಉಳಿದರೆ ಅಥವಾ ಹೆಚ್ಚಿದರೆ ಹಿಂಭಾಗದಲ್ಲಿ ಹುಡುಕಬೇಕು. ಮೂಗು ಬೇಗನೆ ವಾಸನೆಗೆ ಒಗ್ಗಿಬಿಡುವ ಕಾರಣ ಹಿಂದಿನ ಸೀಟಿನಲ್ಲಿ ಇನ್ನೊಬ್ಬರನ್ನು ಕೂರಿಸಿಕೊಳ್ಳುವುದು ಒಳ್ಳೆಯದು, ನಡುವೆ ಇಬ್ಬರೂ ಇಳಿದು ಹೊರಗಿನ ಗಾಳಿಯಲ್ಲಿ ತುಸು ಹೊತ್ತು ನಿಲ್ಲಬೇಕು.

ಹಿಂಭಾಗದ ವಾಸನೆ ಪೆಟ್ರೋಲ್ ತುಂಬಿಸಿದ ದಿನವೇ ಹೆಚ್ಚಾಗಿ ಬರುತ್ತಿದ್ದರೆ ಮುಚ್ಚಳದ ರಬ್ಬರ್ ಸೀಲು ಬಿರಿದಿದೆಯೇ, ತುಂಬುವ ಬಾಯಿಯಿಂದ ಟ್ಯಾಂಕಿಗೆ ಹೋಗುವ ರಬ್ಬರ್ ಕೊಳವೆ ಸಡಿಲವಾಗಿದೆಯೇ ಎಂದು ನೋಡಿ. ಆದರೆ ಇಲ್ಲಿ ನಮ್ಮದೇ ಒಂದು ಅಭ್ಯಾಸವನ್ನೂ ಪರಿಶೀಲಿಸಬೇಕು. ಬಂಕಿನಲ್ಲಿ ನಳಿಗೆ ತಾನಾಗಿ ನಿಂತ ಮೇಲೂ ‘ರೌಂಡ್ ಫಿಗರ್’ ಆಗಲಿ ಎಂದು ಮತ್ತಷ್ಟು ಹಾಕಿಸುತ್ತೇವೆ. ಪೆಟ್ರೋಲ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಹೆಚ್ಚುಕಡಿಮೆ ಸಾವಿರದಲ್ಲಿ ಒಂದು ಪಾಲು ಹಿಗ್ಗುತ್ತದೆ. 35 ಲೀಟರಿನ ಟ್ಯಾಂಕನ್ನು ಬೆಳಿಗ್ಗೆ ಕಂಠಮಟ್ಟ ತುಂಬಿಸಿ ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದಾಗ ಪೆಟ್ರೋಲ್ 15 ಡಿಗ್ರಿ ಕಾದರೆ ಸುಮಾರು ಅರ್ಧ ಲೀಟರಿಗೆ ಜಾಗವೇ ಇರುವುದಿಲ್ಲ. ಅದು ಆವಿಯನ್ನು ಹಿಡಿದಿಡಲೆಂದು ಇರುವ ಇದ್ದಿಲಿನ ಡಬ್ಬಿಗೆ, ಅಂದರೆ ಚಾರ್ಕೋಲ್ ಕ್ಯಾನಿಸ್ಟರ್‌ಗೆ, ದ್ರವವಾಗಿಯೇ ನುಗ್ಗುತ್ತದೆ. ಹೀಗೆ ಒಮ್ಮೆ ನೆನೆದ ಇದ್ದಿಲು ಆವಿ ಹೀರುವ ಶಕ್ತಿಯನ್ನು ಕಳೆದುಕೊಳ್ಳಬಹುದು. ಟ್ಯಾಂಕ್ ತುಂಬಿಸಿದ ಕೂಡಲೇ ಕಾರು ಸ್ಟಾರ್ಟ್ ಆಗಲು ತಡವರಿಸುತ್ತಿದ್ದರೆ, ಕ್ಯಾನಿಸ್ಟರ್‌ನಿಂದ ಎಂಜಿನ್‌ಗೆ ಆವಿ ಬಿಡುವ ಪರ್ಜ್ ವಾಲ್ವ್ ತೆರೆದೇ ನಿಂತಿದೆಯೇ ಎಂದು ಪರೀಕ್ಷಿಸುವಂತೆ ಮೆಕ್ಯಾನಿಕ್‌ಗೆ ಹೇಳಿ.

ಹಿಂದಿನ ಸೀಟಿನಲ್ಲಿ ಕೂತವರಿಗೆ ಮಾತ್ರ ವಾಸನೆ ತಾಗುತ್ತಿದ್ದರೆ ಅನುಮಾನ ಪಂಪಿನ ಮೇಲೆ. ಅನೇಕ ಸಣ್ಣ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಇದ್ದು, ಅದರ ಬಾಯಿ ಹಿಂದಿನ ಸೀಟಿನ ಕೆಳಗೆ ಒಂದು ತಗಡಿನ ಮುಚ್ಚಳದಡಿ ಇರುತ್ತದೆ. ಟ್ಯಾಂಕ್ ತುಂಬಿದ್ದಾಗ ಬಂದು ಅರ್ಧಕ್ಕಿಳಿದಾಗ ಮಾಯವಾಗುವ ವಾಸನೆ ಬಹುಮಟ್ಟಿಗೆ ಅಲ್ಲಿನ ಸೀಲಿನದು.

ಎಂಜಿನ್ ಭಾಗದಲ್ಲಿ ಹುಡುಕಲು ಬೆಳಗಿನ ಹೊತ್ತು, ಎಂಜಿನ್ ತಣ್ಣಗಿರುವಾಗ, ಪ್ರಶಸ್ತ. ಪೆಟ್ರೋಲ್ ಬೇಗ ಆರಿಹೋಗುವುದರಿಂದ ಒದ್ದೆ ಕಾಣದಿರಬಹುದು, ಆದರೆ ಕುರುಹು ಉಳಿಯುತ್ತದೆ. ನಮ್ಮ ಎರೆ ಸೀಮೆಯ ಧೂಳು ಈ ಕೆಲಸದಲ್ಲಿ ನೆರವಾಗುತ್ತದೆ: ಎಲ್ಲೆಡೆ ಒಣ ಧೂಳಿದ್ದು ಎಂಜಿನ್‌ಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರಿನ ಬುಡದಲ್ಲೋ ಪೈಪಿನ ಜೋಡಣೆಯಲ್ಲೋ ಮಾತ್ರ ತೊಳೆದಂತಹ ಗೆರೆ ಅಥವಾ ಕಪ್ಪು ಕಲೆ ಕಂಡರೆ, ಬಿಳಿ ಕಾಗದದಿಂದ ಒರೆಸಿ ಮೂಸಿ ನೋಡಿ. ಕಾಳಿನ ಗೋದಾಮುಗಳ ಪಕ್ಕ ಕಾರು ನಿಲ್ಲಿಸುವವರು ಇಲಿ ಕಚ್ಚಿದ ಗುರುತುಗಳನ್ನೂ ಹುಡುಕಬೇಕು. ಈಗ ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಮಾರಾಟವಾಗುತ್ತಿದ್ದು, ಅದಕ್ಕೆಂದು ತಯಾರಾಗದ ಹಳೆಯ ಕಾರುಗಳ ರಬ್ಬರ್ ಭಾಗಗಳ ಮೇಲೆ ವಿಶೇಷ ಗಮನವಿರಲಿ. ಯಾವ ಪೈಪನ್ನೂ ನೀವಾಗಿ ಬಿಚ್ಚಬೇಡಿ. ಎಂಜಿನ್ ಆರಿಸಿದ ಮೇಲೂ ಅದರಲ್ಲಿ ಒತ್ತಡ ಉಳಿದಿರುತ್ತದೆ, ಬಿಚ್ಚಿದರೆ ಪೆಟ್ರೋಲ್ ಚಿಮ್ಮುತ್ತದೆ.

ತಣ್ಣನೆಯ ಎಂಜಿನ್ ಶುರುವಾದ ಮೊದಲ ನಿಮಿಷ ಸೈಲೆನ್ಸರ್‌ನಲ್ಲಿ ತುಸು ವಾಸನೆ ಸಹಜ. ಎಂಜಿನ್ ಕಾದ ಮೇಲೂ ಅದು ಮುಂದುವರಿದು, ಮೈಲೇಜ್ ಇಳಿದು, ಎಂಜಿನ್ ಆಯಿಲ್‌ನ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್‌ನ ಆಯಿಲ್‌ಗೂ ಪೆಟ್ರೋಲ್ ವಾಸನೆ ಹತ್ತಿದ್ದರೆ ಇದು ಹೊರಗಿನ ಸೋರಿಕೆಯಲ್ಲ. ಪೆಟ್ರೋಲ್ ಪೂರ್ತಿ ಉರಿಯುತ್ತಿಲ್ಲ. ಆಗ ಪ್ಲಗ್, ಇಂಜೆಕ್ಟರ್ ಮತ್ತು ಆಕ್ಸಿಜನ್ ಸೆನ್ಸರ್‌ಗಳನ್ನು ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ನೋಡಿಸಬೇಕು.

ದುರಸ್ತಿಗೆ ಟೇಪು, ಎಂ-ಸೀಲ್, ನೀರಿನ ಪೈಪಿನ ತುಂಡುಗಳನ್ನು ಒಪ್ಪಿಕೊಳ್ಳಬೇಡಿ. ಪೆಟ್ರೋಲಿಗೆಂದೇ ತಯಾರಾದ ಪೈಪು ಮತ್ತು ಹೊಸ ಕ್ಲಿಪ್ಪುಗಳನ್ನೇ ಹಾಕಿಸಿ. ಕೆಲಸ ಮುಗಿದ ಮೇಲೆ ಮೊದಲು ವಾಸನೆ ಬರುತ್ತಿದ್ದ ಸಂದರ್ಭವನ್ನೇ ಮತ್ತೆ ಒದಗಿಸಿ ನೋಡಬೇಕು: ಟ್ಯಾಂಕ್ ತುಂಬಿಸಿದಾಗ ಬರುತ್ತಿದ್ದರೆ ನಳಿಗೆ ನಿಲ್ಲುವವರೆಗೆ ತುಂಬಿಸಿ, ಹುಬ್ಬಳ್ಳಿಯ ಚೆನ್ನಮ್ಮ ವೃತ್ತದ ಸಿಗ್ನಲ್ಲಿನಲ್ಲಿ ನಿಂತಾಗ ಬರುತ್ತಿದ್ದರೆ ಅಲ್ಲಿಗೇ ಒಯ್ದು. ಮರುದಿನ ಬೆಳಿಗ್ಗೆ ಬಾಗಿಲು ತೆರೆದೊಡನೆ, ಕೀಲಿ ಹಾಕುವ ಮುನ್ನ, ಇನ್ನೊಮ್ಮೆ ಮೂಸಿ ನೋಡಿ.