ಹುಂಜದ ಗರಿಯಿಂದ ವೂಲಿ ಬಗ್ಗರ್ ಕಟ್ಟೋದು

ನಾನು ಕಟ್ಟಿದ ಮೊದಲ ಫ್ಲೈಗೆ (ಗಾಳಕ್ಕೆ ಗರಿ, ನೂಲು ಸುತ್ತಿ ಮಾಡೋ ಹುಸಿ ಹುಳ) ದಾರ ಪೋಣಿಸೋಕೇ ಆಗಲಿಲ್ಲ. ಬೆಳಿಗ್ಗೆ ಆರಕ್ಕೆ ಕೆರೆ ಏರಿ ಮೇಲೆ ನಿಂತು ನೋಡಿದರೆ ಗಾಳದ ಕಣ್ಣು ಪೂರ್ತಿ ಮುಚ್ಚಿತ್ತು. ನೂಲು, ಗರಿ, ಮೇಲೆ ನೇಲ್ ಪಾಲಿಶ್. ಸುಮ್ನೆ ವಾಪಸ್ ಬಂದೆ. ಅದಕ್ಕೇ ಮೊದಲು ಹೇಳುತ್ತೇನೆ: ಕಣ್ಣಿನ ಹಿಂದೆ ಎರಡು ಮಿಲಿಮೀಟರ್ ಖಾಲಿ ಬಿಟ್ಟೇ ಕೆಲಸ ಶುರು ಮಾಡಿ.

ವೂಲಿ ಬಗ್ಗರ್ ಅನ್ನೋ ಈ ಫ್ಲೈಯನ್ನು 1967ರಲ್ಲಿ ಮೊದಲು ಕಟ್ಟಿದವರು ಅಮೆರಿಕದ ಪೆನ್ಸಿಲ್ವೇನಿಯಾದ ರಸೆಲ್ ಬ್ಲೆಸ್ಸಿಂಗ್. ನನಗೆ ಗರಿ ಸಿಕ್ಕಿದ್ದು ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರ್ಕೆಟ್ ಹತ್ತಿರದ ಕೋಳಿ ಅಂಗಡಿಯಲ್ಲಿ! ನಾಟಿ ಹುಂಜದ ಬೆನ್ನಿನ ಉದ್ದ ಗರಿ ಕೇಳಿ, ಜೊತೆಗೆ ಒಂದು ಹಿಡಿ ಮೆತ್ತನೆ ತುಪ್ಪಳ. ಬ್ರಾಯ್ಲರ್ ಗರಿ ಬೇಡ. ಸೋಪು ನೀರಲ್ಲಿ ಚೆನ್ನಾಗಿ ತೊಳೆದು ಒಣಗಿಸಿ, ಇಲ್ಲದಿದ್ದರೆ ಮನೆಯವರು ನಿಮ್ಮನ್ನೂ ಗರಿಯನ್ನೂ ಒಟ್ಟಿಗೆ ಹೊರಗೆ ಹಾಕುತ್ತಾರೆ.

ನನ್ನ ಹತ್ತಿರ ಗಾಳವನ್ನು ಕಚ್ಚಿ ಹಿಡಿಯೋ ವೈಸ್ ಇಲ್ಲ. ಇಕ್ಕಳದ ಹಿಡಿಗೆ ರಬ್ಬರ್ ಬ್ಯಾಂಡ್ ಬಿಗಿದರೆ 8ನೇ ನಂಬರಿನ ಉದ್ದ ಕಾಂಡದ ಗಾಳ ಅಲುಗದೆ ನಿಲ್ಲುತ್ತದೆ. ನೂಲನ್ನು ಕಣ್ಣಿನ ಹಿಂದಿನಿಂದ ಗಾಳ ಬಾಗೋ ಜಾಗದ ತನಕ ಸುತ್ತಿ. ಅಲ್ಲಿ ತುಪ್ಪಳದ ಬಾಲ ಕಟ್ಟಿ, ಉದ್ದ ಗಾಳದ ಕಾಂಡದಷ್ಟೇ. ಬೆರಳು ಒದ್ದೆ ಮಾಡಿಕೊಂಡರೆ ಅಳತೆ ಸುಲಭ. ಅದೇ ಜಾಗದಲ್ಲಿ ತಾಮ್ರದ ತಂತಿ ಮತ್ತು ಶೆನೀಲ್ ಅನ್ನೋ ಮೆತ್ತನೆ ಜುಂಗಿನ ಉಲ್ಲನ್ ಕಟ್ಟಿ. ತಂತಿ ನನಗೆ ಎಸ್.ಪಿ. ರಸ್ತೆಯ ಹಳೇ ಮೋಟಾರಿನದ್ದು.

ಈಗ ನೂಲನ್ನು ಮುಂದಕ್ಕೆ ತಂದು, ಉಲ್ಲನ್ನನ್ನು ಒತ್ತೊತ್ತಾಗಿ ಸುತ್ತಿ, ಆ ಎರಡು ಮಿಲಿಮೀಟರ್ ಮುಂಚೆಯೇ ನಿಲ್ಲಿಸಿ. ಗರಿಯನ್ನು ಮುಂದೆ ಕಟ್ಟಿ ಐದಾರು ಸುತ್ತಿನಲ್ಲಿ ಹಿಂದಕ್ಕೆ ಒಯ್ಯಿರಿ. ತುದಿಯನ್ನು ಒಂದು ಕೈಯಲ್ಲಿ ಹಿಡಿದು, ತಂತಿಯಿಂದ ಅದನ್ನು ಎರಡು ಸುತ್ತು ಬಿಗಿಯಿರಿ. ಆಮೇಲೆ ತಂತಿಯನ್ನು ಗರಿ ಸುತ್ತಿದ ದಿಕ್ಕಿನಲ್ಲೇ ಸುತ್ತುತ್ತಾ ಮುಂದೆ ತನ್ನಿ. ಅಲುಗಾಡಿಸುತ್ತಾ ಸುತ್ತಿದರೆ ಗರಿಯ ಎಳೆ ಒಳಗೆ ಸಿಕ್ಕಿಕೊಳ್ಳೋದಿಲ್ಲ. ಎದುರು ದಿಕ್ಕಿನಲ್ಲಿ ಸುತ್ತಿದರೆ ತಂತಿ ಗರಿಯ ದಂಟನ್ನು ದಾಟೋದೇ ಇಲ್ಲ, ಹಿಡಿತ ಇರೋದಿಲ್ಲ. ಕೊನೆಗೆ ಗಂಟು. ರೀಫಿಲ್ ತೆಗೆದ ಬಾಲ್‌ಪೆನ್ನಿನ ಮೂತಿಗೆ ನೂಲು ಒಂದು ಸುತ್ತು ಹಾಕಿ, ಮೂತಿಯನ್ನು ಕಣ್ಣಿನ ಮೇಲಿಟ್ಟು ಸುತ್ತನ್ನು ಜಾರಿಸಿ. ನಾಲ್ಕು ಸಲ ಸಾಕು. ಪಾಲಿಶ್ ಒಂದೇ ಹನಿ, ಅದೂ ಸೂಜಿ ತುದಿಯಲ್ಲಿ.

ಬದಲಾವಣೆ ಬೇಕಾ? ಕಣ್ಣಿನ ಹತ್ತಿರ ಹಿತ್ತಾಳೆ ಮಣಿ ಇದ್ದರೆ ಫ್ಲೈ ತಲೆ ಕೆಳಗಾಗಿ ಇಳಿಯುತ್ತದೆ. ಆದರೆ ಮಣಿ ಮೊದಲೇ ಹಾಕಬೇಕು, ಮರೆತರೆ ಎಲ್ಲಾ ಬಿಚ್ಚಬೇಕು (ನನಗೆ ಮೂರು ಸಲ ಆಗಿದೆ). ಬಾಲ ಬಿಟ್ಟು, ಕೆಂಪು ಉಲ್ಲನ್ನಿನ ತುಂಡು ಇಟ್ಟರೆ ಇದರ ಹಿರಿಯಣ್ಣ ವೂಲಿ ವರ್ಮ್. ಬಾಲದಲ್ಲಿ ಹಳೇ ಸೀರೆಯ ಜರಿ ಎರಡು ಎಳೆ ಇಟ್ಟರೆ ನೀರಲ್ಲಿ ಮಿನುಗುತ್ತದೆ, ಜಾಸ್ತಿ ಬೇಡ. ಕೆಸರು ನೀರಿಗೆ ಕಪ್ಪು, ತಿಳಿ ನೀರಿಗೆ ಪಾಚಿ ಹಸಿರು. ನಮ್ಮ ಜಿಲೇಬಿ ಮೀನಿಗೆ ಮಾತ್ರ 10ನೇ ನಂಬರಿನ ಸಣ್ಣದೇ ಸರಿ.

ಕೆರೆ ಗುತ್ತಿಗೆದಾರರನ್ನು ಕೇಳಿಯೇ ಗಾಳ ಹಾಕಿ. ವಾಪಸ್ ಬಂದ ಮೇಲೆ ಒದ್ದೆ ಫ್ಲೈಯನ್ನು ಡಬ್ಬಿಗೆ ತುಂಬಬೇಡಿ, ಕಿಟಕಿ ಹತ್ತಿರ ನೇತುಹಾಕಿ. ಇಲ್ಲದಿದ್ದರೆ ಗಾಳ ತುಕ್ಕು ಹಿಡಿಯುತ್ತದೆ.