ಲಿಬ್ರೆವುಲ್ಫ್ ಹಾಕಿಕೊಂಡ ಮೊದಲ ವಾರ

ಮೂರನೇ ದಿನ ಅಕ್ಕ ಫೋನ್ ಮಾಡಿದಳು. "ಏನೇ ಇದು, ಬೆಳಗ್ಗೆ ಎದ್ದು ನೋಡಿದ್ರೆ ಎಲ್ಲಾ ಕಡೆ ಲಾಗೌಟ್ ಆಗಿದೆ. ಇದನ್ನ ತೆಗೆದುಬಿಡ್ಲಾ?"

ನಾನು ಇಲ್ಲಿಯವರೆಗೆ ಎಂಟು ಜನರ ಕಂಪ್ಯೂಟರಿಗೆ ಲಿಬ್ರೆವುಲ್ಫ್ ಅನ್ನುವ ಬ್ರೌಸರ್ ಹಾಕಿಕೊಟ್ಟಿದ್ದೇನೆ. ಅದರಲ್ಲಿ ಆರು ಜನ ಮೊದಲ ವಾರದಲ್ಲೇ ಈ ಮಾತು ಹೇಳಿದ್ದಾರೆ. ವಾರ ದಾಟಿದ ಮೇಲೆ ಯಾರೂ ಹಳೆಯ ಬ್ರೌಸರಿಗೆ ವಾಪಸ್ ಹೋಗಿಲ್ಲ. ಹಾಗಾಗಿ ಆ ಒಂದು ವಾರಕ್ಕೆ ಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಲಿಬ್ರೆವುಲ್ಫ್ ಅಂದರೆ ಫೈರ್‌ಫಾಕ್ಸ್‌ನದೇ ಕೋಡ್. ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ ಸಂಸ್ಥೆ ಹೊರತರುವ ಆ ಕೋಡನ್ನು ಕೆಲವು ಸ್ವಯಂಸೇವಕರು ತೆಗೆದುಕೊಳ್ಳುತ್ತಾರೆ. ನಮ್ಮ ಬಳಕೆಯ ಮಾಹಿತಿ ಕಳಿಸುವ ಟೆಲಿಮೆಟ್ರಿಯನ್ನು ಕಿತ್ತುಹಾಕುತ್ತಾರೆ. ಖಾಸಗಿತನದ ಸೆಟ್ಟಿಂಗುಗಳನ್ನು ಬಿಗಿ ಮಾಡುತ್ತಾರೆ. ಜಾಹೀರಾತು ಮತ್ತು ಟ್ರ್ಯಾಕರುಗಳನ್ನು ತಡೆಯುವ ಯೂಬ್ಲಾಕ್ ಆರಿಜಿನ್ ಸೇರಿಸಿಯೇ ಕೊಡುತ್ತಾರೆ. 2020ರಿಂದ ಈ ಕೆಲಸ ನಡೆಯುತ್ತಿದೆ. ಇದರ ಹಿಂದೆ ಕಂಪನಿ ಇಲ್ಲ, ಸಂಬಳ ತೆಗೆದುಕೊಳ್ಳುವವರೂ ಇಲ್ಲ.

ಹಳೆಯ ಬ್ರೌಸರನ್ನು ಮೊದಲ ದಿನವೇ ಅಳಿಸಬೇಡಿ. ಅದರಿಂದ ಬುಕ್‌ಮಾರ್ಕುಗಳನ್ನು ಎಚ್‌ಟಿಎಂಎಲ್ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ. ಆಮೇಲೆ ಲಿಬ್ರೆವುಲ್ಫ್‌ನ ಬುಕ್‌ಮಾರ್ಕ್ ಮ್ಯಾನೇಜರ್ ತೆರೆದು ಇಂಪೋರ್ಟ್ ಮಾಡಿಕೊಳ್ಳಿ. ಪಾಸ್‌ವರ್ಡ್ ವಿಷಯ ಬೇರೆ. ಲಿಬ್ರೆವುಲ್ಫ್ ತಾನಾಗಿ "ಪಾಸ್‌ವರ್ಡ್ ಸೇವ್ ಮಾಡಲಾ?" ಎಂದು ಕೇಳುವುದಿಲ್ಲ. ಕೀಪಾಸ್‌ಎಕ್ಸ್‌ಸಿ ಅಥವಾ ಬಿಟ್‌ವಾರ್ಡನ್ ತರಹದ ಪಾಸ್‌ವರ್ಡ್ ಮ್ಯಾನೇಜರ್ ಒಂದನ್ನು ಇದಕ್ಕೂ ಮೊದಲೇ ಹಾಕಿಕೊಳ್ಳಿ. ಅಕ್ಕನಿಗೆ ನಾನು ಇದನ್ನು ಮೊದಲೇ ಮಾಡಿಕೊಟ್ಟಿದ್ದೆ. ಅದಿಲ್ಲದಿದ್ದರೆ ಮೂರನೇ ದಿನದವರೆಗೂ ತಡೆಯುತ್ತಿರಲಿಲ್ಲ.

ಇನ್‌ಸ್ಟಾಲ್ ಮಾಡುವಾಗ ಅಧಿಕೃತ ವಿಳಾಸಕ್ಕೇ ಹೋಗಿ: ಲಿಬ್ರೆವುಲ್ಫ್ ಡಾಟ್ ನೆಟ್. ಹುಡುಕಿದಾಗ ಮೇಲೆ ಬಂದದ್ದನ್ನೆಲ್ಲ ಒತ್ತಬೇಡಿ. ಈ ಬ್ರೌಸರ್ ತನ್ನನ್ನು ತಾನೇ ಅಪ್‌ಡೇಟ್ ಮಾಡಿಕೊಳ್ಳುವುದಿಲ್ಲ, ಇದು ಬಹಳ ಮುಖ್ಯ. ವಿಂಡೋಸ್‌ನಲ್ಲಾದರೆ ವಿನ್‌ಅಪ್‌ಡೇಟರ್ ಅನ್ನುವ ಪುಟ್ಟ ಪ್ರೋಗ್ರಾಂ ಇದೆ, ಅದನ್ನೂ ಹಾಕಿಕೊಳ್ಳಿ. ಲಿನಕ್ಸ್‌ನಲ್ಲಿ ಪ್ಯಾಕೇಜ್ ಮ್ಯಾನೇಜರ್ ನೋಡಿಕೊಳ್ಳುತ್ತದೆ. ಫೈರ್‌ಫಾಕ್ಸ್‌ನ ಹೊಸ ಆವೃತ್ತಿಗಳು ಬರುತ್ತಲೇ ಇರುತ್ತವೆ, ಅವುಗಳಲ್ಲಿ ಭದ್ರತೆಯ ರಿಪೇರಿಗಳೂ ಇರುತ್ತವೆ. ಹಳೆಯ ಆವೃತ್ತಿಯಲ್ಲೇ ಕುಳಿತರೆ ಖಾಸಗಿತನವೂ ಇಲ್ಲ, ಭದ್ರತೆಯೂ ಇಲ್ಲ.

ಈಗ ಅಕ್ಕನ ಲಾಗೌಟ್ ವಿಷಯಕ್ಕೆ ಬರೋಣ. ಲಿಬ್ರೆವುಲ್ಫ್ ಮುಚ್ಚಿದ ಕೂಡಲೇ ಕುಕೀಗಳನ್ನೂ (ಸೈಟುಗಳು ನಮ್ಮನ್ನು ನೆನಪಿಡಲು ಬ್ರೌಸರಿನಲ್ಲಿ ಇಡುವ ಪುಟ್ಟ ಮಾಹಿತಿ) ಸೈಟುಗಳು ಇಟ್ಟ ಬೇರೆ ಡೇಟಾವನ್ನೂ ಅಳಿಸಿಬಿಡುತ್ತದೆ. ನೀವು ಲಾಗಿನ್ ಆಗಿದ್ದೀರಿ ಅನ್ನುವ ಗುರುತು ಕೂಡ ಕುಕೀನೇ, ಹಾಗಾಗಿ ಅದೂ ಹೋಗುತ್ತದೆ. ಇಲ್ಲಿ ಎಲ್ಲರೂ ಮಾಡುವ ಕೆಲಸ ಒಂದೇ: ಸೆಟ್ಟಿಂಗ್ಸ್‌ಗೆ ಹೋಗಿ ಅಳಿಸುವ ಆ ಟಿಕ್ಕನ್ನೇ ತೆಗೆಯುವುದು. ದಯವಿಟ್ಟು ಹಾಗೆ ಮಾಡಬೇಡಿ. ದಿನಾ ಬೇಕಾಗುವ ಸೈಟುಗಳು ಎಷ್ಟಿವೆ, ಎಣಿಸಿ ನೋಡಿ. ಅಕ್ಕ ಎಣಿಸಿದಾಗ ನಾಲ್ಕೇ ಸಿಕ್ಕವು. ಆ ನಾಲ್ಕಕ್ಕೆ ಮಾತ್ರ ವಿನಾಯಿತಿ ಕೊಟ್ಟರೆ ಸಾಕಲ್ವಾ?

ಹೀಗೆ ಮಾಡಿ. ಆ ಸೈಟ್ ತೆರೆದು ಕಂಟ್ರೋಲ್ ಮತ್ತು ಐ ಒಟ್ಟಿಗೆ ಒತ್ತಿ. ಒಂದು ಚಿಕ್ಕ ವಿಂಡೋ ತೆರೆದುಕೊಳ್ಳುತ್ತದೆ. ಅದರಲ್ಲಿ ಪರ್ಮಿಷನ್ಸ್‌ಗೆ ಹೋಗಿ, ಸೆಟ್ ಕುಕೀಸ್ ಅನ್ನುವ ಸಾಲು ಹುಡುಕಿ. ಅಲ್ಲಿ ಯೂಸ್ ಡಿಫಾಲ್ಟ್ ಟಿಕ್ ತೆಗೆದು ಅಲೋ ಆರಿಸಿ. ಅಷ್ಟೇ. ಎಲ್ಲಾ ವಿನಾಯಿತಿಗಳನ್ನೂ ಒಟ್ಟಿಗೆ ನೋಡಬೇಕಾದರೆ ಪ್ರೈವೆಸಿ ಅಂಡ್ ಸೆಕ್ಯುರಿಟಿ ಪುಟದಲ್ಲಿ ಕುಕೀಸ್ ಭಾಗದ ಮ್ಯಾನೇಜ್ ಎಕ್ಸೆಪ್ಷನ್ಸ್ ಒತ್ತಿ. ಒಂದು ಸೂಕ್ಷ್ಮ ಇದೆ. ಕೆಲವು ಸೈಟುಗಳ ಲಾಗಿನ್ ಪುಟದ ವಿಳಾಸವೇ ಬೇರೆ ಇರುತ್ತದೆ. ಮೇಲ್ ಒಂದು ವಿಳಾಸದಲ್ಲಿ, ಲಾಗಿನ್ ಇನ್ನೊಂದರಲ್ಲಿ. ಆಗ ಎರಡಕ್ಕೂ ವಿನಾಯಿತಿ ಕೊಡಬೇಕು. ಅಕ್ಕನ ನಾಲ್ಕು ಸೈಟಿಗೆ ಕೊನೆಗೆ ಆರು ಸಾಲು ಬೇಕಾದವು.

ಐದನೇ ದಿನ ಮತ್ತೆ ಫೋನ್ ಬಂತು. ಯಾವುದೋ ಸೈಟಿಗೆ ಅವಳ ಫೋಟೋ ಹಾಕಬೇಕಿತ್ತು. ಮುಖದ ಸುತ್ತ ಚೌಕಟ್ಟು ಎಳೆದು ಕತ್ತರಿಸಿದ್ದಾಳೆ. ಸೇವ್ ಆದ ಚಿತ್ರದಲ್ಲಿ ಮುಖವೇ ಇಲ್ಲ. ಗುಲಾಬಿ, ಹಸಿರು, ಬೂದು ಬಣ್ಣದ ಸಣ್ಣ ಸಣ್ಣ ಗೀಟುಗಳು ಮೇಲಿಂದ ಕೆಳಗಿನವರೆಗೆ. "ಫೋಟೋನೇ ಹಾಳಾಗೋಯ್ತು ಕಣೇ" ಅಂದಳು. ಫೋಟೋ ಏನೂ ಆಗಿರಲಿಲ್ಲ. ಸ್ಕ್ರೀನ್ ಶೇರ್ ಮಾಡಿಸಿ, ವಿಳಾಸ ಪಟ್ಟಿಯ ಎಡಗಡೆ ನೋಡು ಅಂದೆ. ಅಲ್ಲಿ ಚಿತ್ರದ ಹಾಗೆ ಕಾಣುವ ಪುಟ್ಟ ಗುರುತು ಇತ್ತು. ಅದನ್ನು ಒತ್ತಿ ಅಲೋ ಕೊಟ್ಟು, ಮತ್ತೆ ಕತ್ತರಿಸಿದಳು. ಮುಖ ಬಂತು.

ಅಲ್ಲಿ ಆದದ್ದು ಏನು ಅಂತ ತಿಳಿದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಸೈಟುಗಳು ಪುಟದೊಳಗೆ ಕ್ಯಾನ್ವಾಸ್ ಅನ್ನುವ ಜಾಗದಲ್ಲಿ ಚಿತ್ರ ಬಿಡಿಸಬಹುದು, ಬಿಡಿಸಿದ್ದನ್ನು ವಾಪಸ್ ಓದಬಹುದು. ಒಂದೇ ಚಿತ್ರವನ್ನು ಬೇರೆ ಬೇರೆ ಕಂಪ್ಯೂಟರುಗಳು ಕೂದಲೆಳೆಯಷ್ಟು ಬೇರೆಯಾಗಿ ಬಿಡಿಸುತ್ತವೆ. ಆ ವ್ಯತ್ಯಾಸವೇ ನಿಮ್ಮ ಯಂತ್ರದ ಬೆರಳಚ್ಚು. ಇದರ ಜೊತೆ ಸ್ಕ್ರೀನಿನ ಅಳತೆ, ಫಾಂಟುಗಳು, ಟೈಮ್ ಝೋನ್ ಎಲ್ಲ ಸೇರಿಸಿದರೆ ಕುಕೀ ಇಲ್ಲದೆಯೂ ನಿಮ್ಮನ್ನು ಗುರುತು ಹಿಡಿಯಬಹುದು. 2010ರಲ್ಲಿ ಡಿಜಿಟಲ್ ಹಕ್ಕುಗಳಿಗಾಗಿ ಕೆಲಸ ಮಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಸುಮಾರು 4.7 ಲಕ್ಷ ಬ್ರೌಸರುಗಳ ಬೆರಳಚ್ಚು ಪರೀಕ್ಷಿಸಿತು. ಶೇ 83.6ರಷ್ಟರ ಬೆರಳಚ್ಚು ಬೇರೆ ಯಾವುದರ ಜೊತೆಗೂ ಹೊಂದಲಿಲ್ಲ. ನಾನು ಬ್ರೌಸರ್ ಬದಲಾಯಿಸಿದ್ದು ಈ ಒಂದು ಅಂಕಿ ಓದಿದ ಮೇಲೆ.

ಲಿಬ್ರೆವುಲ್ಫ್ ಇದಕ್ಕೆ ರೆಸಿಸ್ಟ್‌ಫಿಂಗರ್‌ಪ್ರಿಂಟಿಂಗ್ ಅನ್ನುವ ವ್ಯವಸ್ಥೆಯನ್ನು ಮೊದಲಿಂದಲೇ ಆನ್ ಮಾಡಿ ಕೊಡುತ್ತದೆ. ಇದು ಬಳಕೆದಾರರ ಗುರುತು ಮರೆಸಲೆಂದೇ ಮಾಡಿದ ಟಾರ್ ಬ್ರೌಸರಿನವರ ಕೆಲಸದಿಂದ ಫೈರ್‌ಫಾಕ್ಸಿಗೆ ಬಂದದ್ದು. ಕ್ಯಾನ್ವಾಸ್ ಓದಲು ಬಂದ ಸೈಟಿನ ಕೈಗೆ ಗೀಟುಗಳನ್ನು ಕೊಟ್ಟು ಕಳಿಸಿದ್ದು ಇದೇ.

ನಿಮಗೆ ಕಾಣುವ ಇನ್ನೂ ಕೆಲವು ಬದಲಾವಣೆಗಳಿಗೆ ಇದೇ ಕಾರಣ. ಸೈಟುಗಳಲ್ಲಿ ಸಮಯ ಯುಟಿಸಿ ಪ್ರಕಾರ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ, ಕಾಣಬಹುದು. ಕ್ಯಾಲೆಂಡರ್ ಅಥವಾ ಮೀಟಿಂಗ್ ಬುಕ್ ಮಾಡುವ ಸೈಟಿನಲ್ಲಿ ಸಮಯವನ್ನು ಎರಡು ಸಲ ನೋಡಿ. ಅಲ್ಲಿ ಟೈಮ್ ಝೋನ್ ಕೈಯಾರೆ ಆರಿಸುವ ಅವಕಾಶ ಇದ್ದರೆ ಆರಿಸಿಬಿಡಿ. ಸೈಟುಗಳು ತಾವಾಗಿ ಡಾರ್ಕ್ ಮೋಡಿಗೆ ಹೋಗುವುದಿಲ್ಲ. ವಿಂಡೋ ಪ್ರತಿ ಸಲ ಒಂದು ಗೊತ್ತಾದ ಅಳತೆಯಲ್ಲೇ ತೆರೆಯುತ್ತದೆ, ಅದನ್ನು ಎಳೆದು ದೊಡ್ಡದು ಮಾಡದೆ ಹಾಗೇ ಬಿಟ್ಟರೆ ಒಳ್ಳೆಯದು. ನೀವಾಗಿ ಹಾಕಿಕೊಂಡ ಕನ್ನಡ ಫಾಂಟಿನ ಬದಲು ಸಿಸ್ಟಂ ಜೊತೆ ಬಂದ ಫಾಂಟಿನಲ್ಲಿ ಅಕ್ಷರ ಕಾಣಬಹುದು. ಪ್ರೂಫ್ ನೋಡುವ ಕೆಲಸ ನನ್ನದು, ಇದು ನನ್ನ ಕಣ್ಣಿಗೆ ಮೊದಲ ದಿನವೇ ಬಿತ್ತು. ನಾಲ್ಕು ದಿನಕ್ಕೆ ಒಗ್ಗಿತು.

ಮ್ಯಾಪ್ ಅಥವಾ ಮೂರು ಆಯಾಮದ ಚಿತ್ರ ತೋರಿಸುವ ಸೈಟು ಖಾಲಿ ಬಂದರೆ, ಅಂಥ ಚಿತ್ರ ಬಿಡಿಸುವ ವೆಬ್‌ಜಿಎಲ್ ಆಫ್ ಇರುವುದು ಕಾರಣ ಇರಬಹುದು. ಸಿನಿಮಾ ಸೈಟುಗಳು ಓಡದಿದ್ದರೆ ಡಿಆರ್‌ಎಂ ಆಫ್ ಇರುವುದು ಕಾರಣ. ಎರಡನ್ನೂ ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಬಹುದು. ನಾನು ಮಾಡಿಲ್ಲ. ಡಿಆರ್‌ಎಂ ಅಂದರೆ ಸಿನಿಮಾ ನಕಲಾಗದಂತೆ ತಡೆಯುವ, ಯಾರೂ ಒಳಗೆ ನೋಡಲಾಗದ ಮುಚ್ಚಿದ ಕೋಡು. ಅದಕ್ಕೆ ಇನ್ನೊಂದು ಬ್ರೌಸರ್ ಇಟ್ಟುಕೊಂಡಿದ್ದೇನೆ, ಅದರಲ್ಲಿ ಸಿನಿಮಾ ಬಿಟ್ಟು ಬೇರೇನೂ ತೆರೆಯುವುದಿಲ್ಲ.

ಎಕ್ಸ್‌ಟೆನ್ಷನ್‌ಗಳ (ಬ್ರೌಸರಿಗೆ ಸೇರಿಸುವ ಪುಟ್ಟ ಪ್ರೋಗ್ರಾಂಗಳು) ವಿಷಯದಲ್ಲಿ ಕೈ ಬಿಗಿ ಇರಲಿ. ಒಬ್ಬ ಗೆಳತಿ ಉತ್ಸಾಹದಲ್ಲಿ ಒಂಬತ್ತು ಹಾಕಿಕೊಂಡಿದ್ದಳು, ಅದರಲ್ಲಿ ಐದು ಖಾಸಗಿತನದ ಹೆಸರಿನವೇ. ಪುಟವನ್ನು ಬದಲಾಯಿಸುವ ಎಕ್ಸ್‌ಟೆನ್ಷನ್ ಇದೆ ಅನ್ನುವುದನ್ನು ಸೈಟುಗಳು ಎಷ್ಟೋ ಸಲ ಪತ್ತೆ ಮಾಡಬಲ್ಲವು. ಎಲ್ಲರ ಹಾಗೆ ಕಾಣುವುದೇ ಇಲ್ಲಿ ರಕ್ಷಣೆ, ಒಂಬತ್ತು ಸೇರಿಸಿದವಳು ಗುಂಪಿನಲ್ಲಿ ಒಬ್ಬಳೇ ಎದ್ದು ಕಾಣುತ್ತಾಳೆ. ಯೂಬ್ಲಾಕ್ ಆರಿಜಿನ್, ಜೊತೆಗೆ ಪಾಸ್‌ವರ್ಡ್ ಮ್ಯಾನೇಜರ್, ಇಷ್ಟು ಸಾಕು.

ಯಾವುದಾದರೂ ಸೈಟ್ ಸರಿಯಾಗಿ ಬರದಿದ್ದರೆ ಈ ಕ್ರಮದಲ್ಲಿ ನೋಡಿ. ಮೊದಲು ಯೂಬ್ಲಾಕ್‌ನ ಗುರುತು ಒತ್ತಿ, ಅದರ ದೊಡ್ಡ ಪವರ್ ಬಟನ್ ಒತ್ತಿ ಆ ಸೈಟಿಗೆ ಮಾತ್ರ ನಿಲ್ಲಿಸಿ, ಪುಟ ರಿಲೋಡ್ ಮಾಡಿ. ಸರಿಹೋಗದಿದ್ದರೆ ವಿಳಾಸದ ಪಕ್ಕದ ಗುರಾಣಿ ಒತ್ತಿ ಟ್ರ್ಯಾಕಿಂಗ್ ತಡೆಯನ್ನು ಆ ಸೈಟಿಗೆ ತೆಗೆದು ನೋಡಿ. ಆಗಲೂ ಆಗದಿದ್ದರೆ ಅದೇ ಸೈಟನ್ನು ಫೈರ್‌ಫಾಕ್ಸ್‌ನಲ್ಲಿ ತೆರೆಯಿರಿ. ಅಲ್ಲೂ ಕೆಟ್ಟಿದ್ದರೆ ತೊಂದರೆ ಲಿಬ್ರೆವುಲ್ಫ್‌ನದಲ್ಲ. ಅಲ್ಲಿ ಸರಿ ಇದ್ದು ಇಲ್ಲಿ ಕೆಟ್ಟಿದ್ದರೆ ಮಾತ್ರ ಕೋಡ್ ಇಡುವ ತಾಣವಾದ ಕೋಡ್‌ಬರ್ಗ್‌ನಲ್ಲಿರುವ ಯೋಜನೆಯ ಪುಟಕ್ಕೆ ಹೋಗಿ ತಿಳಿಸಿ. "ಓಡ್ತಿಲ್ಲ" ಅಂತ ಒಂದು ಸಾಲು ಬರೆದರೆ ಓದುವವರಿಗೆ ಏನೂ ಸಿಗುವುದಿಲ್ಲ. ಆವೃತ್ತಿಯ ಸಂಖ್ಯೆ, ನಿಮ್ಮ ಆಪರೇಟಿಂಗ್ ಸಿಸ್ಟಂ, ಏನು ಒತ್ತಿದಾಗ ಏನಾಯಿತು, ಯಾವ ಸೆಟ್ಟಿಂಗ್ ಬದಲಾಯಿಸಿದ್ದೀರಿ, ಹೊಸ ಪ್ರೊಫೈಲಿನಲ್ಲೂ ಹೀಗೇ ಆಗುತ್ತದಾ ಎಂದು ಬರೆಯಿರಿ. ಅದಕ್ಕೂ ಮೊದಲು ಇದೇ ವಿಷಯವನ್ನು ಬೇರೆ ಯಾರಾದರೂ ಬರೆದಿದ್ದಾರಾ ಅಂತ ಹುಡುಕಿ. ಅದನ್ನು ಓದುವವರು ತಮ್ಮ ಬಿಡುವಿನ ಹೊತ್ತಿನಲ್ಲಿ ಕುಳಿತು ಓದುತ್ತಾರೆ.